ರೋಮಿನ ದಾರಿ ಬಲ್ಲ ಮಾಸ್ತರು

ಇತಿಹಾಸದ ಮಾಸ್ತರು ತೀರಿಕೊಂಡ ಸುದ್ದಿ ಬಂದಾಗ ನಾನು ಚಹಾ ಕುಡಿಯುತ್ತಿದ್ದೆ. ಕಪ್ಪು ಕೆಳಗಿಡಲಿಲ್ಲ, ಪೂರ್ತಿ ಕುಡಿದೇ ಎದ್ದೆ. ಇಪ್ಪತ್ತೆರಡು ವರ್ಷ ಜಮಖಂಡಿಯ ಒಂದೇ ಹೈಸ್ಕೂಲಿನಲ್ಲಿ, ಒಂದೇ ಸ್ಟಾಫ್ ರೂಮಿನಲ್ಲಿ ಎದುರುಬದುರು ಕೂತವರ ಬಗ್ಗೆ ಹೀಗೆ ಬರೆಯಬಾರದು ಎಂದು ನನಗೂ ಗೊತ್ತು. ಆದರೆ ಶೋಕಸಭೆಯಲ್ಲಿ ಒಬ್ಬರ ಹಿಂದೆ ಒಬ್ಬರು ಎದ್ದು ಅವರನ್ನು ಮೃದುಸ್ವಭಾವದವರು, ಅಜಾತಶತ್ರು ಎಂದೆಲ್ಲ ಹೊಗಳಿದಾಗ ನನಗೆ ಮೈ ಉರಿಯಿತು. ಹಾಗೆ ಹೊಗಳಿದವರಲ್ಲಿ ಅವರ ಬಾಯಿಗೆ ಸಿಕ್ಕು ನುಜ್ಜುಗುಜ್ಜಾಗದವರು ಒಬ್ಬರೂ ಇರಲಿಲ್ಲ. ನನ್ನ ಸರದಿ ಬಂದಾಗ, "ಅವರಿಗೆ ರೋಮ್ ಬಹಳ ಚೆನ್ನಾಗಿ ಗೊತ್ತಿತ್ತು" ಎಂದಷ್ಟೇ ಹೇಳಿ ಕೂತೆ. ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಉದ್ದನೆಯ ಆಳು. ಬಿಳಿ ಸಫಾರಿ, ಕಿವಿಯ ಹಿಂದೆ ಒಂದು ಸೀಮೆಸುಣ್ಣದ ತುಂಡು. ಬೇರೆಯವರು ಮಾತಾಡುವಾಗ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು. ಮಾತು ಮುಗಿದ ಕೂಡಲೇ ಕಣ್ಣು ತೆರೆದು "ಹಂಗಲ್ಲ" ಎಂದು ಶುರು ಮಾಡುತ್ತಿದ್ದರು. "ಇವತ್ತು ಭಾಳ ಬಿಸಲ ಐತ್ರಿ ಸರ" ಎಂದರೂ ಅವರ ಉತ್ತರ "ಹಂಗಲ್ಲ" ಎಂದೇ ಆರಂಭ. ನಾನು ಡ್ರಾಯಿಂಗ್ ಮಾಸ್ತರ. ಡ್ರಾಯಿಂಗ್ ಮಾಸ್ತರನ ಮಾತಿಗೆ ಶಾಲೆಯಲ್ಲಿ ಮೊದಲೇ ಬೆಲೆ ಕಡಿಮೆ, ಹಾಗಾಗಿ ನಾನು ಬೇಗ ಬಾಯಿ ಮುಚ್ಚುವುದನ್ನು ಕಲಿತೆ. ಅದೇ ಕಾರಣಕ್ಕೆ ಅವರಿಗೆ ನಾನು ಇಷ್ಟವಾದೆ ಎಂದು ಕಾಣುತ್ತದೆ.

ಒಂಬತ್ತನೆಯ ತರಗತಿಯ ಪುಸ್ತಕದಲ್ಲಿ ಪ್ರಾಚೀನ ರೋಮ್ ಒಂದು ಸಣ್ಣ ಪಾಠ. ಬೇರೆ ಶಾಲೆಗಳಲ್ಲಿ ಮೂರು ಪಿರಿಯಡ್ಡಿನಲ್ಲಿ ಮುಗಿಯುತ್ತಿತ್ತು. ನಮ್ಮಲ್ಲಿ ಅದು ಎರಡು ತಿಂಗಳು ನಡೆಯುತ್ತಿತ್ತು. ಎಲ್ಲಿಂದಲೋ ತಂದ ಒಂದು ಹಳೆಯ ನಕಾಶೆ ಅವರ ಬಳಿ ಇತ್ತು. ಅದನ್ನು ನನ್ನಿಂದ ಗೋಡೆಯ ಮೇಲೆ ದೊಡ್ಡದಾಗಿ ಬರೆಸಿದರು. ಒಂದು ಓಣಿ ಎರಡು ಬೆರಳು ಆಚೆ ಹೋಯಿತೆಂದು ಅಳಿಸಿ ಮೂರು ಸಲ ಬರೆಸಿದರು. ವರ್ಷಕ್ಕೊಮ್ಮೆ ಆಟದ ಮೈದಾನದಲ್ಲಿ ಕಬಡ್ಡಿ ಗೆರೆ ಹಾಕುವ ಸುಣ್ಣದಿಂದ ಇಡೀ ರೋಮ್ ನಗರ ಮೂಡುತ್ತಿತ್ತು. ನೀರಿನ ಟಾಕಿಯ ಹತ್ತಿರ ಸೆನೆಟ್ ಸಭೆ, ಧ್ವಜದ ಕಟ್ಟೆಯಿಂದ ಮೂತ್ರಿಯ ಗೋಡೆಯವರೆಗೆ ರಾಜಬೀದಿ. ಮಕ್ಕಳು ಸಾಲಾಗಿ ನಡೆಯಬೇಕು, ಇವರು ಮುಂದೆ ಬೆತ್ತ ಎತ್ತಿ ಹಿಡಿದು ದಾರಿ ತೋರಿಸಬೇಕು. ಅರ್ಧವಾರ್ಷಿಕದಲ್ಲಿ ಫೇಲಾದವರು ಗುಲಾಮರು. ಅವರು ಪಾಸಾದವರ ಪಾಟೀಚೀಲಗಳನ್ನೆಲ್ಲ ಹೊತ್ತು ಬಿಸಿಲಲ್ಲಿ ಹಿಂದೆ ಬರಬೇಕು.

ರಬಕವಿ ಕಡೆಯಿಂದ ಬಂದು ಇಲ್ಲಿ ಮಗ್ಗ ಹಾಕಿದ್ದ ಒಬ್ಬರು ಮಗಳನ್ನು ಹೀಗೆ ಗುಲಾಮಳನ್ನಾಗಿ ಮಾಡಿದ್ದಕ್ಕೆ ಕೇಳಲು ಬಂದರು. ಪಾಪ, ಕೈ ಮುಗಿದುಕೊಂಡೇ ನಿಂತಿದ್ದರು. "ರೋಮಿನ್ಯಾಗ ಗುಲಾಮರ ಮಕ್ಕಳಿಗೆ ಸಾಲೀನೇ ಇರಲಿಲ್ಲ. ನಾ ನಿನ್ನ ಮಗಳಿಗೆ ಕಲಸಾಕತ್ತೇನಲ್ಲ, ಅದೇ ಉಪಕಾರ ಅಂತ ತಿಳಕೋ" ಎಂದರು ಮಾಸ್ತರು. ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕೆವು. ಆ ಮನುಷ್ಯ ತಾನೂ ಸ್ವಲ್ಪ ನಕ್ಕು ಹೊರಟುಹೋದರು. ಮರುವರ್ಷ ಆ ಹುಡುಗಿ ಶಾಲೆಗೆ ಬರಲಿಲ್ಲ.

ಮಾಸ್ತರ ಸ್ವಂತ ಊರು ಬೀಳಗಿ ತಾಲೂಕಿನಲ್ಲಿ, ಕೃಷ್ಣೆಯ ದಂಡೆಯಲ್ಲಿ. ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿಗೆ ಹೋದ ಊರುಗಳಲ್ಲಿ ಅದೂ ಒಂದು. ಆದರೆ ಊರಿನ ಜೊತೆ ಅವರಿಗೆ ಬಳಕೆ ಕಡಿಮೆ. ಹತ್ತು ವರ್ಷದವರಿದ್ದಾಗಲೇ ಓದಲು ಜಮಖಂಡಿಯ ಬೋರ್ಡಿಂಗಿಗೆ ಬಂದವರು, ನೌಕರಿಯೂ ಇಲ್ಲೇ ಸಿಕ್ಕಿತು. ಸೋದರಮಾವನ ಮಗಳನ್ನು ಮದುವೆಯಾದರು. ತಮ್ಮ ತಂದೆತಾಯಿಯನ್ನು ನೋಡಿಕೊಳ್ಳಲು ಹೆಂಡತಿಯನ್ನು ಎಂಟು ವರ್ಷ ಊರಲ್ಲೇ ಬಿಟ್ಟು ತಾವು ಇಲ್ಲಿ ಖೋಲಿ ಮಾಡಿಕೊಂಡಿದ್ದರು. ಅವರ ಹೆಂಡತಿಯನ್ನು ನಾವೆಲ್ಲ ವೈನಿ, ಅಂದರೆ ಅತ್ತಿಗೆ, ಎನ್ನುತ್ತಿದ್ದೆವು. ವೈನಿಯ ಮೊದಲ ಕೂಸು, ಮೂರು ತಿಂಗಳ ಹೆಣ್ಣು, ಆ ಮನೆಯಲ್ಲೇ ಜ್ವರ ಬಂದು ತೀರಿಕೊಂಡಿತು. ಹಿತ್ತಲಲ್ಲಿ ಹೂಳಿದರು. ಮಾಸ್ತರು ಮರುದಿನ ಬಸ್ಸಿಗೆ ಬಂದು, ಅದರ ಮರುದಿನ ಬಸ್ಸಿಗೆ ಹೊರಟರಂತೆ. ಇದನ್ನೆಲ್ಲ ವೈನಿ ನನ್ನ ಹೆಂಡತಿಯ ಹತ್ತಿರ ಹೇಳಿಕೊಂಡಿದ್ದರು.

ಊರವರೆಲ್ಲ ಊರು ಬಿಡುವ ದಿನ ಬಂದಾಗ, ಅಷ್ಟರಲ್ಲಿ ಜಮಖಂಡಿಗೆ ಬಂದಿದ್ದ ವೈನಿ ಕೇಳಿದ್ದು ಒಂದೇ ಮಾತು, ಒಮ್ಮೆ ಹೋಗಿ ಮನೆ ನೋಡಿ ಬರೋಣ ಎಂದು. ಮಾಸ್ತರು ಪೇಪರ್ ತಿದ್ದುತ್ತಿದ್ದರು. "ಅಷ್ಟು ದೊಡ್ಡ ರೋಮ್ ಹಾಳಾಗಿ ಹೋತು. ಒಂದು ಮಣ್ಣಿನ ಮಾಳಿಗಿಗೆ ಯಾಕ ಅಳತೀ?" ಎಂದರು. ಮನೆಯ ಬಾಗಿಲು, ಜಂತಿಗಳನ್ನು ಅವರ ತಮ್ಮ ಕಿತ್ತು ಟ್ರ್ಯಾಕ್ಟರಿನಲ್ಲಿ ಪುನರ್ವಸತಿ ಕೇಂದ್ರಕ್ಕೆ ಸಾಗಿಸಿದ. ಹಿನ್ನೀರು ಮಳೆಗಾಲದಲ್ಲಿ ಏರಿ ಬೇಸಿಗೆಯ ಕೊನೆಗೆ ಇಳಿಯುತ್ತದೆ. ಇಳಿದಾಗ ಊರಿನ ಬುನಾದಿ ಕಲ್ಲುಗಳು ಮೇಲೆ ಬರುತ್ತವೆ. ಪ್ರತಿ ಬೇಸಿಗೆಯೂ ವೈನಿ ಕೇಳುತ್ತಿದ್ದರು, ಪ್ರತಿ ಬೇಸಿಗೆಯೂ ಮಾಸ್ತರು ಒಂದೇ ಉತ್ತರ ಕೊಡುತ್ತಿದ್ದರು: "ಬರೇ ಕಲ್ಲು ನೋಡಾಕ ಯಾರರೆ ಬಸ್ ಚಾರ್ಜ್ ಕೊಟ್ಟು ಹೋಗ್ತಾರನು?"

ಅದೇ ಮನುಷ್ಯ ನಿವೃತ್ತರಾದ ಮರುವರ್ಷ ವಿಮಾನ ಹತ್ತಿ ಕಲ್ಲು ನೋಡಲು ರೋಮಿಗೆ ಹೊರಟರು.

ಯುರೋಪ್ ಪ್ರವಾಸದ ತಂಡ. ಹೆಚ್ಚಿನವರು ಪುಣೆ, ಕೊಲ್ಹಾಪುರದವರು. ನಮ್ಮ ಕಡೆಯವರೆಂದರೆ ಮಾಸ್ತರು, ವೈನಿ, ಮುಧೋಳದ ಕಬ್ಬಿನ ಗೌಡರು, ಬನಹಟ್ಟಿಯ ಸೀರೆ ವ್ಯಾಪಾರಿಯೊಬ್ಬರು ಮತ್ತು ನಾನು. ನನ್ನ ಹೆಂಡತಿ ಮೊಣಕಾಲು ನೋವೆಂದು ಬರಲಿಲ್ಲ. ವೈನಿ ಇಳಕಲ್ ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಬೂಟು ಹಾಕಿದ್ದರು. "ಫುಟ್‌ಬಾಲ್ ಆಡಾಕ ಹೊಂಟೀಯೇನು?" ಎಂದು ಮಾಸ್ತರು ಬೆಳಗಾವಿಯಲ್ಲೇ ಶುರು ಮಾಡಿದ್ದರು. ಹೋದ ಊರಲ್ಲೆಲ್ಲ ಅದನ್ನೇ ಹೇಳಿ ಹೊಸಬರನ್ನು ನಗಿಸುತ್ತಿದ್ದರು. ಪ್ಯಾರಿಸ್ಸಿನಲ್ಲಿ ಮಾತ್ರ ಬಸ್ಸಿನಿಂದ ಇಳಿಯಲೇ ಇಲ್ಲ. ಕಾಲನ್ನು ರೋಮಿಗೆ ಉಳಿಸಿಕೊಳ್ಳಬೇಕು ಎಂದರು.

ರೋಮಿನಲ್ಲಿ ನಮ್ಮನ್ನು ನಡೆಸಿಕೊಂಡು ಹೋಗಲು ಅಲ್ಲಿಯದೇ ಒಬ್ಬ ಗೈಡ್ ಬಂದಳು. ಐವತ್ತರ ಹೆಂಗಸು, ಮೋಟು ಕೂದಲು, ಒಂದು ಕೋಲಿನ ತುದಿಗೆ ಹಳದಿ ಅರಿವೆ ಕಟ್ಟಿಕೊಂಡಿದ್ದಳು. ನಮಗೆಲ್ಲ ಕಿವಿಗೆ ಸಿಕ್ಕಿಸಿಕೊಳ್ಳುವ ಒಂದೊಂದು ಯಂತ್ರ ಕೊಟ್ಟರು. ಅವಳ ಕೊರಳಲ್ಲಿದ್ದ ಮೈಕಿನಲ್ಲಿ ಮಾತಾಡಿದರೆ ಎಷ್ಟು ದೂರವಿದ್ದರೂ ನಮ್ಮ ಕಿವಿಯಲ್ಲೇ ಕೇಳುತ್ತಿತ್ತು. ಕೊಲೊಸಿಯಮ್ಮಿನ ಮುಂದೆ ಅವಳು ಎರಡು ಮಾತು ಹೇಳುವಷ್ಟರಲ್ಲಿ ಮಾಸ್ತರು ಇಂಗ್ಲಿಷಿನಲ್ಲಿ, "ಹಾಗಲ್ಲ ಮೇಡಂ" ಎಂದರು. ಮುಂದೆ ಯಾವ ತಿರುವಿನಲ್ಲಿ ಯಾವ ಕಮಾನು ಬರುತ್ತದೆ, ಅದರಾಚೆ ಎಷ್ಟು ಕಂಬ ನಿಂತಿವೆ ಎಂದು ತಾವೇ ಹೇಳುತ್ತ ಅವಳಿಗಿಂತ ಮುಂದೆ ನಡೆದರು. ಖರೆ ಹೇಳಬೇಕೆಂದರೆ ನನ್ನ ಮೈ ಜುಂ ಎಂದಿತು. ತಿರುವಿನಲ್ಲಿ ಆ ಕಮಾನು ಇತ್ತು, ಅದರಾಚೆ ಅವರು ಹೇಳಿದಷ್ಟೇ ಕಂಬಗಳಿದ್ದವು. ನಮ್ಮ ಶಾಲೆಯ ಮೈದಾನದಲ್ಲಿ ಸುಣ್ಣದಲ್ಲಿ ಮೂಡಿದ ಬೀದಿ ಇಲ್ಲಿ ಕರೀ ಕಲ್ಲಿನಲ್ಲಿ ಮೂಡಿತ್ತು.

"ಸರ್, ನೀವು ಮೊದಲೂ ಬಂದಿದ್ದೀರಾ?" ಎಂದು ಗೈಡ್ ಕೇಳಿದಳು.

"ಮೂವತ್ತು ವರ್ಷದಿಂದ ದಿನಾ ಬರುತ್ತಿದ್ದೇನೆ" ಎಂದರು. ಆ ಹೊತ್ತಿನಲ್ಲಿ ಅವರ ಮುಖ ನೋಡಿ ನನಗೆ ಅವರ ಮೇಲೆ ಪ್ರೀತಿಯೇ ಬಂದಿತ್ತು. ಅದು ಬಹಳ ಹೊತ್ತು ಉಳಿಯಲಿಲ್ಲ.

ಫೋರಮ್ ಎಂಬ ಹಳೆಯ ಚೌಕದಲ್ಲಿ ಒಡೆದ ಕಲ್ಲುಗಳನ್ನು ಸಾಲಾಗಿ ಜೋಡಿಸಿಟ್ಟಿದ್ದರು. ಪ್ರತಿ ಕಲ್ಲಿನ ಮೇಲೂ ಬಣ್ಣದಲ್ಲಿ ಒಂದು ನಂಬರು. ವೈನಿ ಅಲ್ಲಿ ಕುಕ್ಕರಗಾಲಲ್ಲಿ ಕೂತು ಒಂದು ನಂಬರಿನ ಮೇಲೆ ಬೆರಳಾಡಿಸುತ್ತಿದ್ದರು. ಆಮೇಲೆ ತಲೆಯೆತ್ತಿ ಸುತ್ತ ನೋಡಿದರು. ಮಾಳಿಗೆಯಿಲ್ಲದ ಗೋಡೆ, ಚೌಕಟ್ಟಿಲ್ಲದ ಬಾಗಿಲು, ತೊಲೆಯಿಲ್ಲದ ಕಂಬ. ನಮ್ಮ ಕಡೆ ಮುಳುಗಡೆಯ ಊರು ಕಂಡವರಿಗೆ ಆ ನೋಟ ಗೊತ್ತು. ಮೊದಲು ಸರ್ಕಾರದವರು ಡಬ್ಬಿ ಬಣ್ಣ ತಂದು ಮನೆಮನೆಯ ಗೋಡೆಗೆ ನಂಬರು ಬರೆಯುತ್ತಾರೆ. ಆಮೇಲೆ ಮನೆಯವರೇ ಬಾಗಿಲು ಜಂತಿ ಕಿತ್ತುಕೊಂಡು ಹೋಗುತ್ತಾರೆ. ಬೋಳು ಗೋಡೆಗಳು ಒಂದು ಮಳೆಗಾಲದ ತನಕ ಹಾಗೇ ನಿಂತಿರುತ್ತವೆ.

ವೈನಿ ಎದ್ದು ಮಾಸ್ತರ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ರೀ, ಇಲ್ಲೆ ನೀರು ಯಾವಾಗ ಬರತೈತಂತ?"

ಮಾಸ್ತರು ಗೈಡ್‌ನ ಕೊರಳಿನ ಮೈಕಿಗೆ ಬಗ್ಗಿ ಇಂಗ್ಲಿಷಿನಲ್ಲಿ ಎಲ್ಲರಿಗೂ ಹೇಳಿದರು, ನನ್ನ ಹೆಂಡತಿ ಕೇಳುತ್ತಿದ್ದಾಳೆ, ಈ ರೋಮ್ ಯಾವ ಡ್ಯಾಮಿನಲ್ಲಿ ಮುಳುಗುತ್ತದೆ ಎಂದು. ಮೂವತ್ತು ಜನ ಗೊಳ್ಳೆಂದು ನಕ್ಕರು. ಅಷ್ಟಕ್ಕೆ ಬಿಡಲಿಲ್ಲ. ಅದೇ ಮೈಕಿನಲ್ಲಿ ಕನ್ನಡದಲ್ಲಿ, "ಈಕಿ ಊರು ಮುಳುಗೈತ್ರಿ, ಅದರ ಜೋಡಿ ಬುದ್ಧೀನೂ ಮುಳುಗೈತಿ" ಎಂದರು. ವೈನಿಯ ಕಿವಿಯಲ್ಲೂ ಯಂತ್ರವಿತ್ತು. ಗಂಡನ ಮಾತು, ಅದರ ಹಿಂದೆ ಬಂದ ನಗೆ, ಎರಡೂ ಅವರ ಕಿವಿಯೊಳಗೇ ಕೇಳಿದವು. ಗೌಡರು ನಕ್ಕರು, ಬನಹಟ್ಟಿಯವರು ನಕ್ಕರು. ನಾನೂ ನಕ್ಕೆ. ವೈನಿ ಯಂತ್ರವನ್ನು ಕಿವಿಯಿಂದ ತೆಗೆದು, ಅದರ ದಾರವನ್ನು ನೀಟಾಗಿ ಸುತ್ತಿ ಕೈಯಲ್ಲಿ ಹಿಡಿದುಕೊಂಡರು.

ನಗದಿದ್ದವಳು ಗೈಡ್ ಒಬ್ಬಳೇ. ಅವಳು ಮಾಸ್ತರಿಗೆ ಹೇಳಿದಳು: "ನಗಬೇಡಿ. ಅವರು ಕೇಳಿದ್ದು ಸರಿಯಾಗೇ ಇದೆ. ಇದು ಮೊದಲು ಜೌಗು ನೆಲ. ಹೊಳೆ ಉಕ್ಕಿ ಇಲ್ಲಿಗೆ ಎಷ್ಟೋ ಸಲ ಬಂದಿದೆ. ಆಮೇಲೆ ಇದೆಲ್ಲ ಮಣ್ಣಿನಲ್ಲಿ ಹೂತುಹೋಗಿ ನೂರಾರು ವರ್ಷ ಇದರ ಮೇಲೆ ದನ ಮೇಯುತ್ತಿದ್ದವು. ಅವರಿಗೆ ಇದನ್ನು ಹೇಳಿ." ಮಾಸ್ತರು ಹೇಳಲಿಲ್ಲ, ಮುಂದೆ ನಡೆದರು. ನನಗೆ ಅಷ್ಟು ಇಂಗ್ಲಿಷ್ ಬರುತ್ತಿತ್ತು. ವೈನಿ ನನ್ನಿಂದ ನಾಲ್ಕು ಹೆಜ್ಜೆ ದೂರದಲ್ಲಿದ್ದರು. ನಾನೂ ಹೇಳಲಿಲ್ಲ.

ಸಂಜೆ ಬಸ್ಸಿನಲ್ಲಿ ಮಾಸ್ತರಿಗೆ ಜೋಂಪು ಹತ್ತಿದ ಮೇಲೆ ವೈನಿಗೆ ಹೇಳಿದೆ. ಎಲ್ಲ ಕೇಳಿಸಿಕೊಂಡು, "ಅಲ್ಲೇ ಹೇಳಿದ್ದರ ಛಲೋ ಇತ್ತಲ್ಲರಿ ಸರ" ಎಂದರು. ಆಮೇಲೆ ಕಿಟಕಿಯ ಕಡೆ ತಿರುಗಿದರು. ಅದಕ್ಕಿಂತ ಒಂದು ಏಟು ಕೊಟ್ಟಿದ್ದರೆ ನನಗೆ ಹಿತವಾಗುತ್ತಿತ್ತು.

ಊರಿಗೆ ಮರಳಿದ ಮೇಲೆ ಮಾಸ್ತರು ದೊಡ್ಡ ಮನುಷ್ಯರಾದರು. ಚಹಾದಂಗಡಿಯಲ್ಲಿ ಒಂದು ವಾರ ರೋಮಿನದೇ ಮಾತು. ಆ ಹೆಂಗಸಿಗೆ ಗೈಡ್ ಕೆಲಸ ಬರುವುದಿಲ್ಲ ಎಂಬುದು ಅದರಲ್ಲಿ ಮುಖ್ಯ. ಯಾರೋ ಕೆಣಕಿದರು, "ನಿಮ್ಮ ಊರೂ ಈಗ ಹಂಗೇ ಹಾಳು ಬಿದ್ದೈತ್ರಿ ಸರ, ಅದನ್ನರೆ ತೋರಸ್ರಿ." ಮಾಸ್ತರಿಗೆ ರೋಷ ಬಂತು. "ಗೈಡ್ ಅಂದ್ರ ಹೆಂಗಿರಬೇಕು ತೋರಸ್ತೀನಿ, ಬರ್ರಿ" ಎಂದರು. ಜೂನ್ ಮೊದಲ ವಾರ, ನೀರು ಪೂರಾ ಇಳಿದಿತ್ತು. ಒಂದು ಕ್ರೂಸರ್ ಗಾಡಿ ಗೊತ್ತು ಮಾಡಿಕೊಂಡು ಎಂಟು ಜನ ಹೊರಟೆವು. ಗೌಡರೂ ಮುಧೋಳದಿಂದ ಬಂದು ಕೂಡಿಕೊಂಡರು. ಹೆಂಡತಿಯನ್ನು ಮಾಸ್ತರು ಕರೆದದ್ದು ಬುತ್ತಿ ಕಟ್ಟಿಕೊಂಡು ಬರಲಿ ಎಂದು. ವೈನಿಯ ಕೈಚೀಲದಲ್ಲಿ ರೊಟ್ಟಿಯ ಗಂಟಿನ ಜೊತೆ ಒಂದು ಸಣ್ಣ ಡಬ್ಬಿಯಲ್ಲಿ ಹಾಲಿತ್ತು. "ಅದು ಯಾಕ?" ಎಂದು ಯಾರೋ ಕೇಳಿದ್ದಕ್ಕೆ, "ಚಹಾಕ್ಕ ಬೇಕಾಗತೈತಿ" ಎಂದರು. ಆ ಬಯಲಿನಲ್ಲಿ ಚಹಾ ಮಾಡಲು ಒಲೆ ಎಲ್ಲಿದೆ ಎಂದು ಕೇಳುವಷ್ಟು ಬುದ್ಧಿ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಬೀಳಗಿ ದಾಟಿ ಹೊಲದ ದಾರಿ ಮುಗಿದಲ್ಲಿ ಇಳಿದು ನಡೆದೆವು. ಬಿರುಕು ಬಿಟ್ಟ ಕರಿ ಮಣ್ಣು, ಅದರ ತುಂಬ ಚಿಪ್ಪು, ಅಲ್ಲಲ್ಲಿ ಹರಿದ ಮೀನಿನ ಬಲೆ. ಊರೆಂದರೆ ಹಿಮ್ಮಡಿಯಷ್ಟು ಎತ್ತರದ ಕಲ್ಲಿನ ಸಾಲುಗಳು, ಅಷ್ಟೇ. ಮಾಸ್ತರು ಒಂದು ಕಟ್ಟಿಗೆಗೆ ಹಳದಿ ಟವೆಲ್ ಕಟ್ಟಿ ಎತ್ತಿ ಹಿಡಿದಿದ್ದರು. "ಇದು ಊರ ಅಗಸಿ ಬಾಗಿಲಾ. ಇದು ಹನಮಪ್ಪನ ಗುಡಿ. ಇದು ಚಾವಡಿ." ಮೊದಲ ಮೂರು ಸರಾಗ ಬಂದವು. ಓಣಿ ಮೂರಾಗಿ ಒಡೆಯುವಲ್ಲಿ ನಿಂತರು. ನಾಲಿಗೆಯಿಂದ ತುಟಿ ಸವರಿಕೊಂಡರು. ನಾನು ಡ್ರಾಯಿಂಗ್ ಮಾಸ್ತರ, ಮುಖ ನೋಡುವುದು ನನ್ನ ಚಾಳಿ. ಅವರಿಗೆ ದಾರಿ ತಪ್ಪಿತ್ತು. ಆದರೆ ಎಂಟು ಜನ ಹಿಂದೆ ಇದ್ದರು. ಟವೆಲ್ ಎತ್ತಿ ಎಡಕ್ಕೆ ಹೊರಳಿದರು.

ಒಂದು ದೊಡ್ಡ ಚೌಕದ ನಡುವೆ ಹೋಗಿ ನಿಂತು, "ಇದು ನಮ್ಮ ಮನಿ" ಎಂದರು. ಬುನಾದಿ ಅಗಲವಾಗಿತ್ತು. "ನೋಡ್ರಿ, ಎಂಥಾ ಗ್ವಾಡಿ! ಇಲ್ಲೆ ಪಡಸಾಲಿ. ಇಲ್ಲೆ ನಮ್ಮಪ್ಪ ಕೂಡತಿದ್ದ. ಇಲ್ಲೆ ನಾ ಹುಟ್ಟಿದೆ." ಹೇಳುತ್ತ ಹೇಳುತ್ತ ಅವರ ದನಿ ಒಡೆಯಿತು. ಮಣ್ಣಿಗೆ ಅಡ್ಡಬಿದ್ದರು. ಎದ್ದು ಮಣ್ಣನ್ನು ಕಣ್ಣಿಗೊತ್ತಿಕೊಂಡು ಗಟ್ಟಿಯಾಗಿ ಅತ್ತುಬಿಟ್ಟರು. ಗೌಡರು ತಲೆಯ ಟೊಪ್ಪಿಗೆ ತೆಗೆದರು.

ವೈನಿ ನನ್ನ ಪಕ್ಕದಲ್ಲಿದ್ದರು. "ಅದು ಕೊಂಡವಾಡರಿ ಸರ" ಎಂದರು.

ಕೊಂಡವಾಡವೆಂದರೆ ಕಂಡವರ ಬೆಳೆ ಮೇಯ್ದ ತುಡುಗು ದನಗಳನ್ನು ಪಂಚಾಯತಿಯವರು ಕೂಡಿಹಾಕುವ ದೊಡ್ಡಿ. ನನಗೆ ನಗು ಬಂತು, ಹಿಂದೆಯೇ ಹೆದರಿಕೆಯೂ ಆಯಿತು.

"ಹೇಳ್ರಿ ವೈನಿ ಅವರಿಗೆ."

"ಬ್ಯಾಡ್ರಿ. ಕೂಸು ಹೋದಾಗ ಅಳಲಿಲ್ಲ, ಇವತ್ತರೆ ಅಳಲಿ."

ಅಷ್ಟು ಹೇಳಿ ಹಿಂದಿರುಗಿ, ಓಣಿ ಒಡೆಯುವಲ್ಲಿಗೆ ಹೋಗಿ ಬಲಕ್ಕೆ ಹೊರಳಿದರು. ಒಮ್ಮೆಯೂ ತಡೆಯಲಿಲ್ಲ, ದಿನಾ ನೀರು ತಂದ ದಾರಿ. ನಾನು ಸ್ವಲ್ಪ ದೂರದಿಂದ ನೋಡಿದೆ. ಒಂದು ಸಣ್ಣ ಬುನಾದಿಯ ಹತ್ತಿರ ನಿಂತು ಬೂಟು ಬಿಚ್ಚಿ ಒಳಗೆ ಹೋದರು. ಅಲ್ಲಿ ನೆಲದಲ್ಲಿ ಜೋಳ ತುಂಬಿಡುತ್ತಿದ್ದ ಹಗೇವಿನ ಬಾಯಿ ಕಾಣುತ್ತಿತ್ತು. ಅದನ್ನು ಸುತ್ತುಹಾಕಿ ಹಿತ್ತಲ ಕಡೆ ಹೋಗಿ ಕೂತರು, ಡಬ್ಬಿಯ ಮುಚ್ಚಳ ತೆಗೆದರು. ಆಮೇಲೆ ನಾನು ನೋಡಲಿಲ್ಲ. ಮರಳಿ ಬಂದಾಗ, "ಅವರಿಗೆ ಹೇಳಿದರ ಎಲ್ಲಾರನೂ ಕಟಗೊಂಡು ಅಲ್ಲಿಗೆ ಬರತಾರರಿ. ಅದೊಂದು ನನಗ ಇರಲಿ" ಎಂದರು. ನಾನು ಹೂಂ ಎಂದೆ.

ಅಂದಿನಿಂದ ಪ್ರತಿ ಜೂನಿನಲ್ಲಿ ಮಾಸ್ತರು ಹಳದಿ ಟವೆಲ್ ಕಟ್ಟಿಕೊಂಡು ಹೋದರು. ಒಂದು ವರ್ಷ ಮಕ್ಕಳು ಸೊಸೆಯಂದಿರನ್ನು, ಇನ್ನೊಂದು ವರ್ಷ ಹಳೆಯ ವಿದ್ಯಾರ್ಥಿಗಳನ್ನು ಕರೆದೊಯ್ದರು. ಕೊಂಡವಾಡದಲ್ಲಿ ಮೊಮ್ಮಗನನ್ನು ಅಡ್ಡಬೀಳಿಸಿದರು. ಅವರು ಭಾಷಣ ಮಾಡುವ ಹೊತ್ತಿಗೆ ವೈನಿ ಹಾಲಿನ ಡಬ್ಬಿ ಹಿಡಿದು ಬಲಗಡೆಯ ಓಣಿಗೆ ಹೋಗಿ ಬರುತ್ತಿದ್ದರು. ಬಯಲಕಡೆಗೆ ಹೋಗಿದ್ದಾರೆ ಎಂದು ಎಲ್ಲರೂ ತಿಳಿದುಕೊಂಡಿದ್ದರು. ನನ್ನ ಪಾಲಿನ ಕೆಲಸವನ್ನೂ ನಾನು ಮಾಡಿದೆ. ಹುಟ್ಟಿದ ಮನೆಯ ಚಿತ್ರ ಬರೆದುಕೊಡಿ ಎಂದು ಮಾಸ್ತರು ಕೇಳಿದರು. ಕೊಂಡವಾಡದ ಬುನಾದಿಯನ್ನು ಅಳತೆ ತಪ್ಪದ ಹಾಗೆ ಬರೆದು, ಚೌಕಟ್ಟು ಹಾಕಿಸಿ ಕೊಟ್ಟೆ. ಅದು ಅವರ ಮನೆಯ ಮುಂದಿನ ಖೋಲಿಯಲ್ಲಿ ತೂಗಿತು. ಬಂದವರಿಗೆಲ್ಲ ಅದನ್ನು ತೋರಿಸುತ್ತಿದ್ದರು, ಅದರ ಗಾಜನ್ನು ವೈನಿ ದಿನಾ ಒರೆಸುತ್ತಿದ್ದರು. ರೋಮಿನಲ್ಲಿ ನಕ್ಕದ್ದಕ್ಕೆ ಇದು ನಾನು ಕಟ್ಟಿದ ದಂಡ ಎಂದು ನನಗೆ ನಾನೇ ಹೇಳಿಕೊಂಡಿದ್ದುಂಟು. ಅದು ಸುಳ್ಳು. ನನಗೆ ಅದರಲ್ಲಿ ಖುಷಿ ಇತ್ತು.

ಈ ಸಲ ಮಳೆಗಾಲದಲ್ಲಿ ಮಾಸ್ತರನ್ನು ದವಾಖಾನೆಗೆ ಸೇರಿಸಿದರು. ಲಿವರ್ ಎಂದರು, ದಿನ ಎಣಿಸಬೇಕು ಎಂದರು. ನೋಡಲು ಹೋದೆ. ಎಲುಬಿನ ಗೂಡಾಗಿದ್ದರು. ವೈನಿ ಹಾಸಿಗೆಯ ಕಾಲದೆಸೆಗೆ ಕೂತು ಮೋಸಂಬಿ ಸುಲಿಯುತ್ತಿದ್ದರು. ಮಾಸ್ತರು ನನ್ನ ಕೈ ಹಿಡಿದುಕೊಂಡರು. ಅಷ್ಟು ವರ್ಷದಲ್ಲಿ ಅವರು ನನ್ನ ಕೈ ಹಿಡಿದದ್ದು ಅದೇ ಮೊದಲು.

"ಸರ, ಚಿತ್ರಾ ಬರದವರು ನೀವು. ಖರೆ ಹೇಳ್ರಿ. ನಮ್ಮ ಮನಿ ಪಡಸಾಲ್ಯಾಗ ಹಗೇವು ಇತ್ತು. ಸಣ್ಣಾಂವ ಇದ್ದಾಗ ಅದರಾಗ ಬಿದ್ದಿದ್ದೆ, ಅವ್ವ ಹಗ್ಗಾ ಬಿಟ್ಟು ಎತ್ತಿದ್ದಳು. ನಿನ್ನೆ ನೆನಪಾತು. ಅಲ್ಲೆ ಹಗೇವು ಇಲ್ಲಲ್ಲ? ಅದು ನಮ್ಮ ಮನಿ ಹೌದೋ ಅಲ್ಲೋ?"

ಸುಳ್ಳು ಹೇಳಲು ಮನಸ್ಸಾಗಲಿಲ್ಲ, ನಿಜ ಹೇಳಲು ಅದು ನನ್ನದಲ್ಲ.

"ವೈನಿನ್ನ ಕೇಳ್ರಿ. ಎಂಟು ವರ್ಷ ಆ ಮನ್ಯಾಗ ಬಾಳೇವು ಮಾಡಿದವರು ಅವರು" ಎಂದೆ.

ವೈನಿಯ ಕೈ ನಿಂತಿತು. ತಲೆಯೆತ್ತಿ ಗಂಡನನ್ನು ನೋಡಿದರು. ಒಂದು ಮಾತು ಕೇಳಿದ್ದರೆ ಅವರು ಹೇಳಿಬಿಡುತ್ತಿದ್ದರು, ದೇವರಾಣೆ ಹೇಳುತ್ತಿದ್ದರು. ಅವರ ಮುಖದಲ್ಲಿ ಅದು ಎದ್ದು ಕಾಣುತ್ತಿತ್ತು. ಮಾಸ್ತರು ತ್ರಾಸಪಟ್ಟು ಕತ್ತು ತಿರುಗಿಸಿ ಹೆಂಡತಿಯನ್ನು ನೋಡಿದರು. ಮತ್ತೆ ನನ್ನ ಕಡೆ ತಿರುಗಿದರು.

"ಆಕಿಗೇನು ತಿಳೀತೈತ್ರಿ. ನೀವು ಹೇಳ್ರಿ."

ವೈನಿ ಮತ್ತೆ ಸುಲಿಯತೊಡಗಿದರು. "ಅದೇ ನಿಮ್ಮ ಮನಿ ಸರ" ಎಂದೆ ನಾನು.

ಅವರು ನಂಬಲಿಲ್ಲ. ಇನ್ನೂ ನಾಲ್ಕು ದಿನ ಬದುಕಿದ್ದರು. ಬಂದವರನ್ನೆಲ್ಲ, ಸೊಸೆಯಂದಿರನ್ನು, ಮಕ್ಕಳನ್ನು, ಕಡೆಗೆ ಸಲಾಯಿನ್ ಹಚ್ಚುವ ನರ್ಸನ್ನೂ ಆ ಹಗೇವಿನ ಬಗ್ಗೆ ಕೇಳಿದರಂತೆ. ನಾಲ್ಕೂ ದಿನ ವೈನಿ ಅವರ ಕಾಲದೆಸೆಗೇ ಕೂತಿದ್ದರು.